ಕೆಂಪು ನೂಲಿನ ಚೀಲ

ಅವರು ತೀರಿಕೊಂಡ ಸುದ್ದಿಯನ್ನು ನನಗೆ ಹೇಳಿದವನು ಮೂಡಬಿದಿರೆ ಬಸ್ಸಿನ ಕಂಡಕ್ಟರ್, ಟಿಕೆಟ್ ಹರಿಯುತ್ತಾ. "ಡಾಕ್ಟ್ರೇ, ನಿಮ್ಮ ಅಣಬೆಯ ಏಜೆಂಟ್ರು ಹೋದ್ರಲ್ಲ. ನಿನ್ನೆ. ಎದೆನೋವಂತೆ."

ಸಾವಿನ ಸುದ್ದಿ ಕೇಳಿದ ಮನುಷ್ಯ ಮೊದಲು ಏನು ಯೋಚಿಸಬೇಕೋ ಅದನ್ನು ನಾನು ಯೋಚಿಸಲಿಲ್ಲ. ನನ್ನ ತಲೆಗೆ ಮೊದಲು ಬಂದದ್ದು, 'ಹಾಗಾದರೆ ಇನ್ನು ಆ ಜಾಗ ಯಾವುದೆಂದು ಗೊತ್ತಾಗುವುದಿಲ್ಲ' ಎಂಬುದು. ಎರಡನೆಯದಾಗಿ, ಹೀಗೆ ಯೋಚಿಸಿದೆನಲ್ಲ ಎಂಬ ನಾಚಿಕೆ. ಮೂರನೆಯದಾಗಿ, ಮನೆಯ ಬಾಗಿಲಿಗೆ ಬೀಗ ಹಾಕಿದ್ದೇನೋ ಇಲ್ಲವೋ ಎಂಬ ಚಿಂತೆ. ಈ ಮೂರನೆಯದು ಯಾರು ಸತ್ತರೂ ಬದುಕಿದರೂ ಬಸ್ಸು ಸಿದ್ಧಕಟ್ಟೆ ತಲುಪುವ ಹೊತ್ತಿಗೆ ನನಗೆ ದಿನಾ ಬರುವಂಥದ್ದು.

ಅವರ ಜೊತೆ ನಾನು ಏಳು ವರ್ಷ ಮಾತು ಬಿಟ್ಟಿದ್ದೆ. ಕಣ್ಣಿಗೆ ಬೀಳದವರ ಜೊತೆ ಮಾತು ಬಿಡುವುದು ಸುಲಭ. ಇವರು ಬಿ.ಸಿ.ರೋಡಿನ ಬಸ್ ನಿಲ್ದಾಣದಲ್ಲಿ ಖಾಸಗಿ ಬಸ್ಸುಗಳ ಏಜೆಂಟ್. ಬಂದು ನಿಂತ ಬಸ್ಸಿನ ಪಕ್ಕದಲ್ಲಿ ನಿಂತು ಊರುಗಳ ಹೆಸರು ಕೂಗಿ ಜನ ಹತ್ತಿಸುವುದು, ಹೊತ್ತಾದಾಗ ಬಸ್ಸಿನ ಬೆನ್ನಿಗೆ ಎರಡು ಬಡಿದು ಹೊರಡಿಸುವುದು ಅವರ ಕೆಲಸ. ನಾನು ಅಲ್ಲಿಂದ ಮೂಡಬಿದಿರೆಯ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗುವ ಸಸ್ಯಶಾಸ್ತ್ರದ ಉಪನ್ಯಾಸಕ. ಮಾತು ಬಿಟ್ಟ ಮೇಲೂ ಅವರೇ ಕೂಗಬೇಕು, ನಾನೇ ಹತ್ತಬೇಕು. ಅವರು ಮೋಡ ನೋಡುತ್ತಾ ಕೂಗುತ್ತಿದ್ದರು, ನಾನು ಟಯರು ನೋಡುತ್ತಾ ಹತ್ತುತ್ತಿದ್ದೆ.

ಸಣಕಲು ಆಳು. ಖಾಕಿ ಅಂಗಿ, ಮೊಣಕಾಲ ಮೇಲೆ ಮಡಚಿ ಕಟ್ಟಿದ ಬಿಳಿ ಮುಂಡು. ಎಡಗೈಯ ಕಂಕುಳಲ್ಲಿ ಮಳೆಗಾಲ ಬೇಸಗೆ ಎನ್ನದೆ ಕೊಡೆ. ಆ ಮೈಯಿಂದ ಆ ದನಿ ಹೇಗೆ ಹೊರಡುತ್ತಿತ್ತೋ ಗೊತ್ತಿಲ್ಲ. "ಮೂಡ್ಬಿದ್ರೆ ಮೂಡ್ಬಿದ್ರೆ ಮೂಡ್ಬಿದ್ರೇ!" ಎಂದರೆ ಎದುರಿನ ಹೋಟೆಲಿನಲ್ಲಿ ಚಾ ಕುಡಿಯುತ್ತಿದ್ದವರು ಲೋಟ ಅಲ್ಲೇ ಇಟ್ಟು ಓಡಿಬರುತ್ತಿದ್ದರು. ಅವರ ಬಾಯಿಂದ ಒಂದು ಊರಿನ ಹೆಸರು ತಪ್ಪಾಗಿ ಬಂದದ್ದನ್ನು ಯಾರೂ ಕೇಳಿರಲಿಲ್ಲ. ಒಮ್ಮೆ ಪೊಳಲಿ ದೇವಸ್ಥಾನಕ್ಕೆ ಹೊರಟ ಮುದುಕಿಯೊಬ್ಬರು ಬೆಳ್ತಂಗಡಿ ಬಸ್ಸು ಹತ್ತಿ ಕೂತದ್ದು ಹೊರಟ ಮೇಲೆ ಇವರಿಗೆ ಗೊತ್ತಾಯಿತು. ಹೆದ್ದಾರಿಯ ನಡುವೆ ಓಡಿ, ಬಸ್ಸಿಗೆ ಅಡ್ಡ ನಿಂತು, ಅಜ್ಜಿಯನ್ನು ಕೈ ಹಿಡಿದು ಇಳಿಸಿದರು. ಹಿಂದಿನ ಲಾರಿಯವನು ಬೈದ. "ಬೈ ಮಾರಾಯ, ಬೈ. ಒಂದು ಜನ ಬೇರೆ ಊರಲ್ಲಿ ಇಳಿದ್ರೆ ಅದು ನನ್ನ ಬಾಯಿಯ ತಪ್ಪು" ಅಂದರು.

ಇಂಥ ಬಾಯಿಯನ್ನು ನಾನು ನಂಬಿದ್ದೆ ಎಂದರೆ ನಗಬೇಡಿ.

ಈಗ ನನ್ನ ವಿಷಯ. ನಮ್ಮದು ಬಂಟ್ವಾಳದ ಹಳೆಯ ಬ್ಯಾರಿ ಕುಟುಂಬ. ಇಬ್ಬರು ಅಣ್ಣಂದಿರು ಸೌದಿಯ ದಮಾಮಿಗೆ ಹೋದರು, ನಾನು ಅಣಬೆಗೆ ಹೋದೆ. ಕಲ್ಲಣಬೆಯ ಮೇಲೆ ಪಿಎಚ್.ಡಿ. ಮಾಡುತ್ತೇನೆಂದಾಗ ಉಮ್ಮ ಕೇಳಿದ್ದು ಒಂದೇ ಮಾತು: "ಮೋನೇ, ನಿನ್ನ ಅಣ್ಣಂದಿರು ಎ.ಸಿ. ರಿಪೇರಿ ಮಾಡ್ತಾರೆ. ನೀನು ಲಾಂಬು ಹೆಕ್ಕಲಿಕ್ಕೆ ಇಷ್ಟು ಓದಿದ್ದಾ?"

ಉಮ್ಮ ಲಾಂಬು ಅಂದ ಈ ಕಲ್ಲಣಬೆ ಕೊಡೆಯ ಹಾಗೆ ಅರಳುವ ಜಾತಿಯದಲ್ಲ. ಗೋಲಿಯಂಥ ಉಂಡೆ. ಮೊದಲ ಗುಡುಗು ಮಳೆಗೆ ಗುಡ್ಡೆಗಳಲ್ಲಿ ಮುರಕಲ್ಲಿನ ಕೆಂಪು ಮಣ್ಣಿನಡಿ ಅರ್ಧ ಹುಗಿದುಕೊಂಡು ಏಳುತ್ತದೆ. ಎಳೆಯದನ್ನು ಕೊಯ್ದರೆ ಒಳಗೆ ತೆಂಗಿನಕಾಯಿಯ ಬಿಳಿ. ಬಲಿತರೆ ಒಳಗೆಲ್ಲ ಕರಿ ಹುಡಿ, ಬಾಯಿಗಿಡಲಾಗದು. ಇಂಥ ತಿನ್ನುವ ಅಣಬೆಗಳಲ್ಲಿ ಕ್ಯಾನ್ಸರ್ ಕೋಶಗಳನ್ನು ತಡೆಯುವ ಸತ್ವಗಳಿರಬಹುದು ಎಂಬ ವಿಚಾರ ತೊಂಬತ್ತರ ದಶಕದಲ್ಲಿ ನಮ್ಮಂಥವರ ತಲೆಗೂ ಹೊಕ್ಕಿತ್ತು. ನಾನು ಅಣಬೆ ಒಣಗಿಸಿ, ಹುಡಿ ಮಾಡಿ, ಬಿಸಿನೀರಿನಲ್ಲಿ ಅದರ ಸತ್ವ ತೆಗೆಯುತ್ತಿದ್ದೆ. ಅದರಲ್ಲಿ ಪಾಲಿಸ್ಯಾಕರೈಡ್ ಎಂಬ ಸಕ್ಕರೆಯ ಉದ್ದುದ್ದ ಸರಪಳಿಗಳಿರುತ್ತವೆ. ಮಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಗೆಳೆಯನೊಬ್ಬ ಅದನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳ ಮೇಲೆ ಹಾಕಿ, ಅವು ಬೆಳೆಯುತ್ತವೋ ನಿಲ್ಲುತ್ತವೋ ನೋಡಿ ಹೇಳುತ್ತಿದ್ದ. ನನ್ನ ಪ್ರಶ್ನೆ ಸಣ್ಣದು: ಎಲ್ಲ ಗುಡ್ಡೆಯ ಕಲ್ಲಣಬೆಯ ಸತ್ವವೂ ಒಂದೇ ಸಮವೋ, ಒಂದೊಂದು ಮಣ್ಣಿನದು ಒಂದೊಂದು ರೀತಿಯೋ?

ಅಣಬೆ ಬೇಕಾದರೆ ಏಜೆಂಟರನ್ನು ಹಿಡಿಯಬೇಕೆಂದು ಬಸ್ ನಿಲ್ದಾಣದಲ್ಲಿ ಎಲ್ಲರೂ ಹೇಳಿದರು. ಮೊದಲ ಮಳೆಯ ವಾರ ಅವರು ಬೆಳಗಿನ ಬಸ್ಸುಗಳಿಗೆ ಇರುತ್ತಿರಲಿಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿ, ಬಣ್ಣದ ಕಾಗದದಲ್ಲಿ ಸುತ್ತಿದ ಖಾಲಿ ಪೆಟ್ಟಿಗೆಯೊಂದನ್ನು ಉಡುಗೊರೆಯಂತೆ ಹಿಡಿದು, ಯಾವುದೋ ಬಸ್ಸು ಹತ್ತಿ ಮಾಯವಾಗುತ್ತಿದ್ದರು.

"ಜೂನಲ್ಲಿ ಯಾರ ಮದುವೆ ಏಜೆಂಟ್ರೇ?" ಎಂದು ಡ್ರೈವರುಗಳು ಕೇಳುತ್ತಿದ್ದರು.

"ನನ್ನದೇ."

"ಇದು ಎಷ್ಟನೇದು?"

"ಮಳೆ ಎಷ್ಟು ಬಂತೋ ಅಷ್ಟನೇದು. ಬಾಯಿ ಮುಚ್ಚಿ ಬಸ್ಸು ಬಿಡು."

ಒಂಬತ್ತರ ಹೊತ್ತಿಗೆ ಬೇರೆಯೇ ದಿಕ್ಕಿನ ಬಸ್ಸಿನಿಂದ ಇಳಿಯುತ್ತಿದ್ದರು. ಪೆಟ್ಟಿಗೆಯ ತುಂಬ ಅಣಬೆ.

ನಾನು ಕೇಳಿದಾಗ ಅವರು ಒಪ್ಪಿದ್ದು ಒಂದೇ ಕಾರಣಕ್ಕೆ ಎಂದು ಈಗಲೂ ನನಗೆ ಅನಿಸುತ್ತದೆ. ಹತ್ತು ಜನರ ಎದುರು, ಕಾಲೇಜಿನ ಮಾಷ್ಟ್ರು ಅವರಲ್ಲಿಗೆ ಬಂದು "ನಿಮ್ಮಿಂದ ಆಗಬೇಕು" ಅಂದಿದ್ದೆ. ಅಂದಿನಿಂದ ನಾನು ಅವರಿಗೆ 'ಡಾಕ್ಟ್ರು' ಆದೆ, ಪದವಿ ಬರುವುದಕ್ಕೆ ಏಳೆಂಟು ವರ್ಷ ಮೊದಲೇ. "ಮೂಡ್ಬಿದ್ರೆ ಮೂಡ್ಬಿದ್ರೆ, ಡಾಕ್ಟ್ರಿಗೆ ಒಂದು ಸೀಟು ಬಿಡಿ!" ನಾನು ನಾಚಿ ಕುಗ್ಗುತ್ತಿದ್ದೆ, ಸಿಕ್ಕ ಸೀಟನ್ನು ಮಾತ್ರ ಬಿಟ್ಟುಕೊಡುತ್ತಿರಲಿಲ್ಲ.

ಮೂರು ಚೀಲ ತರುತ್ತಿದ್ದರು. ಬೆಳುವಾಯಿಯದ್ದಕ್ಕೆ ಕೆಂಪು ನೂಲು, ಪೊಳಲಿ ಕಡೆಯದ್ದಕ್ಕೆ ಹಸಿರು, ಬೆಳ್ತಂಗಡಿಯದ್ದಕ್ಕೆ ಬಿಳಿ. "ಇದು ಎಲ್ಲಿಯದು?" ಎಂದು ನಾನು ಪ್ರತಿ ಚೀಲಕ್ಕೂ ಕೇಳುತ್ತಿದ್ದೆ. ಅವರು ಊರು ಹೇಳುತ್ತಿದ್ದರು. ನಾನು ಬರೆದುಕೊಳ್ಳುತ್ತಿದ್ದೆ: ಚೀಲದ ಒಳಗೊಂದು ಚೀಟಿ, ಹೊರಗೊಂದು ಚೀಟಿ, ಡೈರಿಯಲ್ಲೊಂದು ಸಾಲು. ಒಂದು ಒದ್ದೆಯಾದರೆ ಇನ್ನೊಂದು ಇರಲಿ, ಅದೂ ಕಳೆದರೆ ಮೂರನೆಯದಿರಲಿ ಎಂದು.

ಮೊದಲ ವರ್ಷವೇ ಬೆಳುವಾಯಿಯದು ಉಳಿದ ಎರಡಕ್ಕಿಂತ ಸ್ವಲ್ಪ ಮೇಲಿತ್ತು. ಸಂತೋಷ ತಡೆಯಲಾರದೆ ಅವರಿಗೆ ಹೇಳಿದೆ. "ನಿಮ್ಮ ಕೆಂಪು ನೂಲಿನದ್ದು ಒಳ್ಳೆಯದು ಮಾರಾಯ್ರೇ."

ಅವರು ವಿಚಿತ್ರವಾಗಿ ನಕ್ಕರು. "ಬೆಳುವಾಯಿದಾ? ಬೆಳುವಾಯಿದೇ?" ಆಮೇಲೆ, "ಆಯ್ತು, ಒಳ್ಳೆದಾಯ್ತು" ಅಂದರು. ಹೊಗಳಿಕೆಗೆ ನಾಚಿದರೆಂದು ನಾನು ತಿಳಿದೆ. ಮನುಷ್ಯರನ್ನು ಓದುವುದರಲ್ಲಿ ನಾನು ಹೀಗೆ.

ಅದೇ ವಾರ ಕಾಲೇಜಿಗೆ ಬೆಳ್ತಂಗಡಿಯಿಂದ ಒಬ್ಬ ಹೆಂಗಸು ಬಂದಳು. ಕೈಯಲ್ಲಿ ಆಸ್ಪತ್ರೆಯ ದೊಡ್ಡ ಕವರು. "ಗಂಡನಿಗೆ ಗಂಟಲಿನ ಕ್ಯಾನ್ಸರ್. ಮದ್ದು ಇಲ್ಲಿ ಸಿಗ್ತದೆ ಅಂತ ಬಸ್ ಸ್ಟ್ಯಾಂಡಲ್ಲಿ ಹೇಳಿದ್ರು." ತಟ್ಟೆಯಲ್ಲಿ ನಿಂತ ಕೋಶ ಬೇರೆ, ಮನುಷ್ಯನ ಮೈಯೊಳಗಿನದು ಬೇರೆ, ಆಸ್ಪತ್ರೆಯ ಚಿಕಿತ್ಸೆ ಒಂದು ದಿನವೂ ಬಿಡಬೇಡಿ ಎಂದು ಅವಳ ಕಾಲು ಹಿಡಿಯುವುದೊಂದು ಬಾಕಿ ಎಂಬಂತೆ ಹೇಳಿ ಕಳಿಸಿದೆ. ಆಮೇಲೆ ಬಂದು ಏಜೆಂಟರಿಗೆ ಬೈದೆ.

"ಹಾಗಾದ್ರೆ ಇದು ಮದ್ದಲ್ವಾ?"

"ಅಲ್ಲ. ಮುಂದೆ ಯಾವಾಗಲಾದರೂ ಆಗಬಹುದು. ಆಗದೆಯೂ ಇರಬಹುದು."

"ಆಗಬಹುದು, ಇರಬಹುದು" ಎಂದು ಅವರು ನನ್ನ ದನಿಯಲ್ಲೇ ಹೇಳಿ ನೋಡಿದರು. "ನಾನು ಹೀಗೆ ಕೂಗಿದ್ರೆ ಒಂದು ಜನ ಬಸ್ಸು ಹತ್ತುದಿಲ್ಲ ಡಾಕ್ಟ್ರೇ. ಬೆಳ್ತಂಗಡಿಗೆ ಹೋಗಬಹುದು, ಹೋಗದೆಯೂ ಇರಬಹುದು!" ಸುತ್ತ ಇದ್ದವರೆಲ್ಲ ನಕ್ಕರು. ಆದರೆ ಮತ್ತೆ ಯಾರನ್ನೂ ಅವರು ನನ್ನ ಹತ್ತಿರ ಕಳಿಸಲಿಲ್ಲ. ಕೇಳಿದವರಿಗೆ "ಮೊದಲು ಆಸ್ಪತ್ರೆ" ಎನ್ನುತ್ತಿದ್ದರಂತೆ. ಅಷ್ಟು ಮಾತು ಉಳಿಸಿಕೊಳ್ಳುವವರು.

ಎರಡನೆಯ ವರ್ಷ ಕೆಂಪು ನೂಲಿನ ಚೀಲ ಉಳಿದೆರಡನ್ನು ಬಹಳ ಹಿಂದೆ ಹಾಕಿತು. ಮೂರನೆಯ ವರ್ಷ ಇನ್ನೂ ಹೆಚ್ಚು. ಮಂಗಳೂರಿನ ಗೆಳೆಯ ಫೋನಿನಲ್ಲಿ "ಬೆಳುವಾಯಿಯಲ್ಲಿ ಏನುಂಟು ಮಾರಾಯಾ?" ಎಂದು ಕೂಗಿದ. ನಾನು ಬೆಳುವಾಯಿಯ ಮಣ್ಣಿನ ಮೇಲೆ ಒಂದು ಇಡೀ ಅಧ್ಯಾಯ ಬರೆದೆ. ನನ್ನ ಮಾರ್ಗದರ್ಶಕರು ಹಿರಿಯರು, ಮಿತಭಾಷಿ. ಅದನ್ನು ಓದಿ, "ಚೆನ್ನಾಗಿದೆ. ಆ ಗುಡ್ಡೆಯ ಮಣ್ಣು, ಅಲ್ಲಿನ ಮರಗಳ ಬೇರು ತನ್ನಿ. ಅಷ್ಟಾದರೆ ಪ್ರಬಂಧ ಕೊಡಬಹುದು" ಅಂದರು.

ಜಾಗ ತೋರಿಸಿ ಎಂದಾಗ ಏಜೆಂಟರಿಗೆ ಸೊಂಟನೋವು ಬಂತು. ಮರುವಾರ ನೆಂಟರು ಬಂದರು. ಅದರ ಮರುವಾರ "ಈಗ ಅಲ್ಲಿ ಜಿಗಣೆ ಉಂಟು." ನಾನು ಕೊಡೆ ಹಿಡಿದು ಮೂರು ದಿನ ಅವರ ಪಕ್ಕದಲ್ಲೇ ನಿಂತೆ. ಕೊನೆಗೆ, "ಹೋಗುವ ಮಾರಾಯ್ರೇ, ಹೋಗುವ. ಹೀಗೆ ನಿಂತ್ರೆ ಜನ ನಿಮ್ಮನ್ನೇ ಏಜೆಂಟ್ ಅಂತ ತಿಳ್ಕೊಳ್ತಾರೆ" ಅಂದರು.

ಮೂಡಬಿದಿರೆಯಲ್ಲಿ ಬಸ್ಸು ಬದಲಿಸಿ ಬೆಳುವಾಯಿಯಲ್ಲಿ ಇಳಿದೆವು. ಅವರು ಮುಂದೆ, ನಾನು ಹಿಂದೆ. ಗದ್ದೆಯ ಅಂಚಿನಲ್ಲಿ ನಡೆದು, ಒಂದು ಏರು ಹತ್ತಿ, ಅವರು ಆಚೀಚೆ ನೋಡಿ ಕೊಡೆಯನ್ನು ನೆಲಕ್ಕೆ ಊರಿದರು.

"ಇಲ್ಲೇ."

ನಾನು ತಲೆ ಎತ್ತಿದೆ. ಸಾಲುಸಾಲಾಗಿ ರಬ್ಬರ್ ಮರಗಳು.

"ಏಜೆಂಟ್ರೇ, ಇದು ರಬ್ಬರ್ ತೋಟ."

"ಹೌದು, ರಬ್ಬರ್."

"ಕಲ್ಲಣಬೆ ರಬ್ಬರಿನ ಬುಡದಲ್ಲಿ ಏಳುದಿಲ್ಲ. ಅದಕ್ಕೆ ಬೋಗಿ ಮರ ಬೇಕು, ಧೂಪದ ಮರ ಬೇಕು. ಅಂಥ ಮರದ ಬೇರಿಗೆ ಅಂಟಿಕೊಂಡೇ ಅದು ಬದುಕುದು."

ಅವರ ಮುಖ ಅರಳಿತು. ನಾಟಕವಲ್ಲ, ನಿಜವಾಗಿ ಸಂತೋಷಪಟ್ಟರು. "ಅದು ನಿಮಗೆ ಗೊತ್ತುಂಟಾ? ಪುಸ್ತಕದಲ್ಲಿ ಉಂಟಾ? ನಾನು ನಿಮಗೆ ಅಷ್ಟೆಲ್ಲ ಗೊತ್ತಿಲ್ಲ ಅಂತ ತಿಳಿದಿದ್ದೆ."

ನಾವು ಯಾವಾಗಲೂ ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಅಂದು ನಾನು ಕನ್ನಡಕ್ಕೆ ಹೊರಳಿದೆ. ಜಗಳಕ್ಕೆ ಕಚೇರಿಯ ಭಾಷೆಯೇ ಬೇಕಾಯಿತು. "ನೀವು ನನಗೆ ಮೂರು ವರ್ಷ ಸುಳ್ಳು ಹೇಳಿದ್ದೀರಿ."

ಅವರೂ ಕನ್ನಡದಲ್ಲೇ ಉತ್ತರಿಸಿದರು, ಶಾಲೆಯಲ್ಲಿ ಎದ್ದು ನಿಂತು ಹೇಳುವ ಹಾಗೆ. "ಸುಳ್ಳಲ್ಲ. ಅಣಬೆ ಎಲ್ಲಿ ಸಿಕ್ಕಿತು ಅಂತ ಕೇಳಿದವರಿಗೆ ಒಂದು ಊರು ಹೇಳಬೇಕು. ಹೇಳದಿದ್ದರೆ ಗರ್ವ ಅಂತಾರೆ. ಸರಿಯಾದ್ದು ಹೇಳಿದರೆ ಮರುವರ್ಷ ಅಲ್ಲಿ ಏನೂ ಇರುದಿಲ್ಲ. ಅದಕ್ಕೆ ಬೇರೆ ಊರು ಹೇಳುದು. ಬೆಳುವಾಯಿ ಅಂದರೆ ಬೆಳುವಾಯಿ ಅಲ್ಲ ಅಂತ. ಕೇಳಿದವರಿಗೂ ಅದು ಗೊತ್ತುಂಟು. ಎಲ್ಲರೂ ಹೀಗೇ. ನೀವು ಅದನ್ನು ಬರೆದುಕೊಳ್ತೀರಿ ಅಂತ ನನಗೆ ಏನು ಗೊತ್ತು?"

"ನಿಮ್ಮೆದುರಿಗೇ ಬರೆದುಕೊಳ್ಳುತ್ತಿದ್ದೆ!"

"ಕಾಲೇಜಿನವರು ಎಲ್ಲ ಬರೀತಾರೆ ಅಂತ ತಿಳಿದೆ."

ನಮ್ಮ ಮನೆಯಲ್ಲಿ ಕಲ್ಲಣಬೆಯನ್ನು ಯಾರೂ ಗುಡ್ಡೆಗೆ ಹೋಗಿ ತಂದವರಲ್ಲ. ಸಂತೆಯಲ್ಲಿ ಕೊಂಡು ಉಮ್ಮ ಸುಕ್ಕ ಮಾಡುತ್ತಿದ್ದಳು, ನಾವು ತಿನ್ನುತ್ತಿದ್ದೆವು. ಹೆಕ್ಕುವವರ ಈ ಪದ್ಧತಿ ಊರಿಗೆಲ್ಲ ಗೊತ್ತಿತ್ತು, ಅದರ ಮೇಲೆ ಪಿಎಚ್.ಡಿ. ಮಾಡುವವನಿಗೆ ಗೊತ್ತಿರಲಿಲ್ಲ. ಆ ಸುಳ್ಳು ಊರುಗಳನ್ನು ಮೂರು ಪ್ರತಿ ಮಾಡಿ ಜೋಪಾನವಾಗಿಟ್ಟಿದ್ದೆ.

"ಹಾಗಾದ್ರೆ ಕೆಂಪು ನೂಲಿನದ್ದು ಎಲ್ಲಿಯದು?" ಅಂದೆ. "ಅದರಲ್ಲೇ ಯಾಕೆ ಅಷ್ಟು ಸತ್ವ?"

ಇದಕ್ಕೆ ಅವರು ಸ್ವಲ್ಪ ಮುಜುಗರಪಟ್ಟರು. "ನಿಮಗೆ ಕೆಂಪಿನದ್ದು ಇಷ್ಟ ಅಂತ ಮೊದಲನೇ ವರ್ಷವೇ ಹೇಳಿದ್ರಲ್ಲ. ಆಮೇಲೆ ಎಳೆಯದು, ಬೆಳ್ಳಗಿದ್ದದ್ದು, ಚಂದದ್ದು ಆರಿಸಿ ಅದಕ್ಕೇ ಹಾಕ್ತಿದ್ದೆ. ಉಳಿದದ್ದು ಬಾಕಿ ಎರಡಕ್ಕೆ. ನೀವು ಸಂತೋಷಪಡ್ಲಿ ಅಂತ."

ಗುಡ್ಡೆಗೂ ಸತ್ವಕ್ಕೂ ಸಂಬಂಧವೇ ಇರಲಿಲ್ಲ. ನನ್ನ ಇಡೀ ಅಧ್ಯಾಯ ಈ ಮನುಷ್ಯನ ಪ್ರೀತಿಯನ್ನು ಅಳೆದಿತ್ತು.

ಆದರೂ ನನ್ನ ಚಿಂತೆಯ ಬುದ್ಧಿಗೆ ಒಂದು ದಾರಿ ಹೊಳೆಯಿತು. ಎರಡನೆಯ, ಮೂರನೆಯ ವರ್ಷದ ಮೂರೂ ಚೀಲ ಒಂದೇ ಗುಡ್ಡೆಯದಾಗಿದ್ದರೆ ಅದೇ ಒಂದು ಒಳ್ಳೆಯ ಸಂಗತಿ. ಒಂದೇ ಮಣ್ಣು, ಒಂದೇ ಮಳೆ, ಎಳೆಯದರಲ್ಲಿ ಸತ್ವ ಹೆಚ್ಚು, ಬಲಿತದ್ದರಲ್ಲಿ ಕಡಿಮೆ. ಹಾಗೆ ಬರೆಯಬಹುದಿತ್ತು. ಅವರು ನಿಜವಾದ ಜಾಗ ಒಂದು ಹೇಳಿ, ತೋರಿಸಿಬಿಟ್ಟರೆ ಮೂರರಲ್ಲಿ ಎರಡು ವರ್ಷದ ಕೆಲಸವಾದರೂ ಉಳಿಯುತ್ತಿತ್ತು. ರಬ್ಬರ್ ಮರದಡಿ ನಿಂತು ಅದನ್ನು ಬಿಡಿಸಿ ಹೇಳಿದೆ. ಕೈ ಮುಗಿದೆ ಕೂಡ.

ಅವರು ಕೊಡೆಯ ತುದಿಯಿಂದ ನೆಲ ಕೆರೆಯುತ್ತಾ, ಮತ್ತೆ ತುಳುವಿನಲ್ಲಿ ಮೆಲ್ಲಗೆ, "ಡಾಕ್ಟ್ರೇ, ಬೇರೆ ಎಂತ ಬೇಕಾದ್ರೂ ಕೇಳಿ. ಹೆಂಡತಿಗೂ ಹೇಳಿದ್ದಿಲ್ಲ ನಾನು" ಅಂದರು.

"ನಾನು ಯಾರಿಗೂ ಹೇಳುದಿಲ್ಲ."

"ಹೇಳುದಿಲ್ಲ, ಗೊತ್ತುಂಟು. ನೀವು ಬರೀತೀರಿ."

ಇಬ್ಬರೂ ಬೇರೆ ಬೇರೆ ಬಸ್ಸಿನಲ್ಲಿ ಬಂದೆವು.

ಮಾರ್ಗದರ್ಶಕರಿಗೆ ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ, "ಸ್ಥಳವನ್ನು ನೀವೇ ಹೋಗಿ ನೋಡಿರಲಿಲ್ಲವೇ?" ಎಂದಷ್ಟೇ ಕೇಳಿದರು. ಬೈದಿದ್ದರೆ ವಾಸಿಯಿತ್ತು. ಮೂರು ವರ್ಷದ ಬಾಟಲಿಗಳನ್ನು ಚೆಲ್ಲಿ ಮೊದಲಿನಿಂದ ಶುರುಮಾಡಿದೆ. ಜಿಗಣೆ ಕಚ್ಚಿಸಿಕೊಂಡು, ಕಾಲು ಉಳುಕಿಸಿಕೊಂಡು, ನಾನೇ ಹುಡುಕಿದ ಎರಡು ಗುಡ್ಡೆಗಳಿಂದ ನಾನೇ ಹೆಕ್ಕಿದೆ. ಪದವಿ ಬರುವ ಹೊತ್ತಿಗೆ ತಲೆ ಅರ್ಧ ಬೋಳಾಗಿತ್ತು. ಏಜೆಂಟರ ಬಾಯಲ್ಲಿ ಆಗ ನಾನು ಮತ್ತೆ 'ಮಾಷ್ಟ್ರು' ಆಗಿದ್ದೆ. "ಮೂಡ್ಬಿದ್ರೆ ಮೂಡ್ಬಿದ್ರೆ, ಮಾಷ್ಟ್ರಿಗೆ ದಾರಿ ಬಿಡಿ." ಅದನ್ನೂ ಮೋಡಕ್ಕೇ ಹೇಳುತ್ತಿದ್ದರು. ನಿಜವಾದ ಡಾಕ್ಟರೇಟ್ ಬಂದ ದಿನ ಇಡೀ ನಿಲ್ದಾಣದಲ್ಲಿ ನನ್ನನ್ನು ಡಾಕ್ಟ್ರೇ ಎನ್ನದವರು ಅವರೊಬ್ಬರೇ.

ನನ್ನ ಪ್ರಬಂಧದಲ್ಲಿ ಎರಡೂ ಗುಡ್ಡೆಗಳ ಹೆಸರನ್ನು ಚೊಕ್ಕವಾಗಿ ಬರೆದಿದ್ದೆ, ಮೊದಲ ಸಲದ ತಪ್ಪಿಗೆ ಪ್ರಾಯಶ್ಚಿತ್ತದ ಹಾಗೆ. ಯಾರೋ ಅದನ್ನು ಪತ್ರಿಕೆಗೆ ಕೊಟ್ಟರು. 'ಇರಬಹುದು' ಎಂಬ ನನ್ನ ಪದಗಳೆಲ್ಲ ದಾರಿಯಲ್ಲಿ ಉದುರಿ, ಗುಡ್ಡೆಗಳ ಹೆಸರು, ಕ್ಯಾನ್ಸರಿಗೆ ಮದ್ದು ಎಂಬುದು, ಇಷ್ಟೇ ಅಚ್ಚಾಯಿತು. ಮರುವರ್ಷದ ಮೊದಲ ಮಳೆಗೆ ನಾನು ಹೋಗಿ ನೋಡಿದರೆ ಎರಡೂ ಗುಡ್ಡೆಗಳನ್ನು ಹಾರೆಯಿಂದ ಮಗುಚಿ ಹಾಕಿದ್ದರು. ಬೇರುಗಳು ಮೇಲೆ ಬಂದಿದ್ದವು. ಒಂದೂ ಅಣಬೆ ಇರಲಿಲ್ಲ. ಏಜೆಂಟರು ಹೇಳಿದ್ದು ಸರಿಯೆಂದು ಕಂಡ ಮೇಲೆ ನನ್ನ ಸಿಟ್ಟು ಇಳಿಯಬೇಕಿತ್ತು, ಏರಿತು. ಮೋಸ ಮಾಡಿದವನು ಸರಿಯೂ ಆಗಿಬಿಟ್ಟರೆ ನಾವು ಎಲ್ಲಿಗೆ ಹೋಗಬೇಕು?

ಏಜೆಂಟರ ಉತ್ತರಕ್ರಿಯೆಗೆ ಹೋಗುವುದೋ ಬೇಡವೋ ಎಂದು ಹನ್ನೆರಡು ದಿನ ಚಿಂತಿಸಿ, ಹದಿಮೂರನೆಯ ದಿನ ಹೋದೆ. ಅವರ ಮನೆ ಬಂಟ್ವಾಳ ಪೇಟೆಯ ಹಿಂದೆ, ಹೊಳೆಯ ಬದಿಯಲ್ಲಿ. ಅವರ ಹೆಂಡತಿಯನ್ನು ಅಂದೇ ಮೊದಲು ನೋಡಿದ್ದು. ಊಟವಾದ ಮೇಲೆ ಮಗ ನನ್ನನ್ನು ಬಾವಿಕಟ್ಟೆಯ ಹತ್ತಿರ ಕರೆದ. ಬಸ್ ಡ್ರೈವರ್, ನಲವತ್ತರ ಹತ್ತಿರದವನು, ತಂದೆಯದೇ ಸಣಕಲು ಮೈ.

"ಡಾಕ್ಟ್ರೇ, ಇನ್ನಾದ್ರೂ ಹೇಳ್ತೀರಾ?"

"ಎಂತ?"

"ಜಾಗ. ಆಸ್ಪತ್ರೆಯಲ್ಲಿ ಅಪ್ಪನ ಹತ್ರ ಕೇಳಿದೆ, ನನಗಾದ್ರೂ ಹೇಳಿ ಅಂತ. 'ಡಾಕ್ಟ್ರಿಗೆ ಹೇಳಿ ಆಗಿದೆ, ಅವರೊಬ್ಬರಿಗೆ ಗೊತ್ತಿದ್ರೆ ಸಾಕು' ಅಂದ್ರು."

"ನನಗೆ ಹೇಳಿಲ್ಲ ಮಾರಾಯಾ. ಏಳು ವರ್ಷದಿಂದ ನಮ್ಮಲ್ಲಿ ಮಾತೇ ಇರ್ಲಿಲ್ಲ."

"ಅದೂ ಹೇಳಿದ್ದಾರೆ. ಜನಕ್ಕೆ ಗೊತ್ತಾಗದ ಹಾಗೆ ಮಾತು ಬಿಟ್ಟವರ ಹಾಗೆ ಇದ್ದೇವೆ ಅಂತ."

"ಅಲ್ಲಾಣೆ, ನನಗೆ ಗೊತ್ತಿಲ್ಲ!"

ಅವನ ತಾಯಿ ಹಿಂದಿನಿಂದ ಬಂದವರು ನನ್ನ ಕೈಗೆ ನೀರಿನ ಲೋಟ ಕೊಟ್ಟರು. "ಆಣೆ ಎಲ್ಲ ಯಾಕೆ ಹಾಕ್ತೀರಿ? ನಾಳೆ ನಿಮಗೇ ಕಷ್ಟ. ಏ, ಅವರನ್ನು ಕೇಳ್ಬೇಡ. ಅವರು ಹಾಗೇ ಹೇಳ್ಬೇಕಾದ್ದು." ಆ ಮುಖದಲ್ಲಿ ನನ್ನ ಮೇಲೆ ಎಷ್ಟು ಗೌರವವಿತ್ತೆಂದರೆ, ಜೀವಮಾನದಲ್ಲಿ ಯಾವ ಸಂದರ್ಶನದಲ್ಲೂ ನನ್ನನ್ನು ಯಾರೂ ಹಾಗೆ ನೋಡಿಲ್ಲ.

ಈಗ ಮೊದಲ ಮಳೆ ಬಿದ್ದರೆ ಬಿ.ಸಿ.ರೋಡಿನಲ್ಲಿ ನಾನು ಯಾವ ಬಸ್ಸು ಹತ್ತುತ್ತೇನೆಂದು ನಾಲ್ಕು ಜನ ನೋಡುತ್ತಾರೆ. ಕಳೆದ ಜೂನಿನಲ್ಲಿ ದವಡೆ ಹಲ್ಲು ನೋಯುತ್ತಿತ್ತೆಂದು ಪೊಳಲಿ ಕಡೆಯ ಬಸ್ಸು ಹತ್ತಿದೆ. ಹಿಂದಿನ ಬಾಗಿಲಿನಿಂದ ಏಜೆಂಟರ ಮಗನೂ ಹತ್ತಿದ್ದು ನನಗೆ ಗೊತ್ತಾಗಲಿಲ್ಲ. ಹಲ್ಲಿನ ಡಾಕ್ಟರಲ್ಲಿ ಒಂದೂವರೆ ಗಂಟೆ ಹಿಡಿಯಿತು. ಬಾಯಿಯಲ್ಲಿ ಹತ್ತಿ ಕಚ್ಚಿಕೊಂಡು, ಕೈಯಲ್ಲಿ ಬಟ್ಟೆಯ ಚೀಲ ಹಿಡಿದು ಹೊರಗೆ ಬಂದರೆ ಅವನು ರಸ್ತೆಯ ಆಚೆ ಮಳೆಯಲ್ಲಿ ನಿಂತಿದ್ದ.

"ಸಿಕ್ಕಿತಾ ಡಾಕ್ಟ್ರೇ?"

"ಹಲ್ಲು ತೆಗೆದ್ರು" ಅಂದೆ, ಹತ್ತಿಯ ನಡುವೆ.

"ಆಯ್ತು, ಆಯ್ತು. ಹಲ್ಲು!" ಎಂದು ಅವನು ಕಣ್ಣು ಮಿಟುಕಿಸಿ ನಕ್ಕ. ನನಗೆ ಸಿಟ್ಟು ಬಂತು. ನಡುರಸ್ತೆಯಲ್ಲಿ ಹತ್ತಿ ತೆಗೆದು, ಬಾಯಿ ಅಗಲಿಸಿ, ರಕ್ತ ಸುರಿಯುತ್ತಿದ್ದ ಜಾಗವನ್ನು ಬೆರಳಿನಿಂದ ತೋರಿಸಿದೆ. ಅವನು ಅದನ್ನು ನೋಡಲೇ ಇಲ್ಲ. ನನ್ನ ಚೀಲವನ್ನೇ ನೋಡುತ್ತಿದ್ದ.